ರಿಯಾಯಿತಿ ಸೂಪರ್‌ಮಾರ್ಕೆಟ್‌ನ ದಿನಸಿ: ಆಹಾರ ತಂತ್ರಜ್ಞೆಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಪ್ರಶ್ನೋತ್ತರಕ್ಕೆ ಮೈಸೂರಿನಿಂದ ಆಹಾರ ತಂತ್ರಜ್ಞೆ ಮೇಡಂ ಬಂದಿದ್ದಾರೆ. ಧಾನ್ಯ ಸಂಗ್ರಹಣೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಡಿಮಾರ್ಟ್ ಥರದ ರಿಯಾಯಿತಿ ಮಳಿಗೆಗಳಲ್ಲಿ ತಿಂಗಳ ಸಾಮಾನು ತರುವವರು ತಮ್ಮ ಅನುಮಾನ ಕೇಳಬಹುದು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಲೆಕ್ಕದ ಪುಸ್ತಕ: ಮೇಡಂ, ಎಣ್ಣೆಯಿಂದ ಶುರು ಮಾಡ್ತೀನಿ. ಒಂದೇ ಕಂಪನಿ ಸೂರ್ಯಕಾಂತಿ ಎಣ್ಣೆ. ನಮ್ಮ ಬೀದಿ ಅಂಗಡಿಯಲ್ಲಿ 150, ಸೂಪರ್‌ಮಾರ್ಕೆಟ್‌ನಲ್ಲಿ 143. ಅಲ್ಲೇ ತಗೊಳ್ಳೋದು ಲಾಭ ತಾನೇ?

ಆಹಾರ ತಂತ್ರಜ್ಞೆ: ಪೌಚ್ ತಿರುಗಿಸಿ ತೂಕ ನೋಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ 850 ಗ್ರಾಂ ಪೌಚ್‌ಗಳೂ ಇವೆ, ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮ್ಮ 143 ರೂಪಾಯಿಯದು 850 ಗ್ರಾಂ ಆಗಿದ್ದರೆ 100 ಗ್ರಾಂಗೆ 16.82 ಬಿತ್ತು. 150ರದ್ದು 910 ಗ್ರಾಂ ಆಗಿದ್ದರೆ 16.48. ಬೀದಿ ಅಂಗಡಿಯದೇ ಅಗ್ಗ. ಎಂಆರ್‌ಪಿ ಪಕ್ಕದಲ್ಲಿ ಗ್ರಾಂಗೆ ಅಥವಾ ಕೆ.ಜಿ.ಗೆ ಎಷ್ಟು ಅಂತ ಯೂನಿಟ್ ಬೆಲೆ ಅಚ್ಚಾಗಿರುತ್ತದೆ, ಆದರೆ ಅದು ಎಂಆರ್‌ಪಿ ಮೇಲಿನ ಲೆಕ್ಕ. ರಿಯಾಯಿತಿ ಬೆಲೆಗೆ ನೀವೇ ಭಾಗಿಸಬೇಕು. ಮೊಬೈಲ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಮಂಡ್ಯದ ಸೊಸೆ: ಅಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ಡೇಟ್ ಮುಗಿಯೋಕೆ ಬಂದ ಮಾಲೇ ಇರಬೇಕು ಅಂತಾರೆ ನಮ್ಮತ್ತೆ. ನಿಜಾನಾ?

ಆಹಾರ ತಂತ್ರಜ್ಞೆ: ಅಲ್ಲ. ದೊಡ್ಡ ಪ್ರಮಾಣದ ಖರೀದಿ, ಪೂರೈಕೆದಾರರಿಗೆ ಬೇಗ ಹಣ ಕೊಟ್ಟು ಕಡಿಮೆ ದರ ಪಡೆಯುವುದು, ಬಾಡಿಗೆ ಬದಲು ಹೆಚ್ಚಾಗಿ ಸ್ವಂತ ಕಟ್ಟಡ, ಹೆಚ್ಚು ಅಲಂಕಾರವಿಲ್ಲದ ಮಳಿಗೆ. 2002ರಲ್ಲಿ ಮುಂಬೈನ ಪೊವೈಯಲ್ಲಿ ಶುರುವಾದ ಡಿಮಾರ್ಟ್ ಬೆಳೆದದ್ದು ಈ ದಾರಿಯಲ್ಲಿ. ಮಾಲು ಬೇಗ ಖಾಲಿಯಾಗುವ ಅಂಗಡಿಯಲ್ಲಿ ತಾಜಾ ಸರಕೇ ಸಿಗುವ ಸಾಧ್ಯತೆ ಹೆಚ್ಚು. ಆದರೂ ದಿನಾಂಕ ನೋಡಿಯೇ ತಗೊಳ್ಳಿ, ಒಂದಕ್ಕೊಂದು ಉಚಿತ ಅಂದಾಗ ಎರಡು ಪೊಟ್ಟಣದ್ದೂ ನೋಡಿ.

ಹುಬ್ಬಳ್ಳಿ ಕಿರಾಣಿ: ಮೇಡಂ, ನಾನು ಕಿರಾಣಿ ಅಂಗಡಿಯಾಂವ. ಅವರು ಹಾಕಿದ ರೇಟಿಗೆ ನಮಗ ಹೋಲ್‌ಸೇಲ್‌ನ್ಯಾಗೂ ಮಾಲ್ ಸಿಗಂಗಿಲ್ರಿ. ಇದನ್ನೂ ಹೇಳ್ರಿ ಸ್ವಲ್ಪ.

ಐಟಿ ಅಪ್ಪ: ಗಿರಾಕಿಗೆ ಅದರಿಂದ ಏನಾಗಬೇಕು ಸರ್? ಕಡಿಮೆಗೆ ಸಿಗೋ ಕಡೆ ಹೋಗ್ತೀವಿ.

ಹುಬ್ಬಳ್ಳಿ ಕಿರಾಣಿ: ತಿಂಗಳ ಕೊನೀಗೆ ರೊಕ್ಕ ಇಲ್ಲ ಅಂದಾಗ ಉದ್ರಿ ಬರಕೊಂಡು ಕೊಡಾವ್ರು ನಾವ್ರಿ. ಅಲ್ಲಿ ಬಿಲ್ಲಿಂಗ್ ಕೌಂಟರ್‌ನ್ಯಾಗ ಉದ್ರಿ ಕೇಳಿ ನೋಡ್ರಿ.

ತುಮಕೂರು ತೆಂಗು: ಪ್ಲಾಸ್ಟಿಕ್ ಅಕ್ಕಿ ಬಗ್ಗೆ ತಿಳಿಸಿ ಮೇಡಂ. ರೇಷನ್ ಅಕ್ಕಿ ತೊಳೆದಾಗ ಕೆಲವು ಕಾಳು ಮೇಲೆ ತೇಲುತ್ತೆ.

ಆಹಾರ ತಂತ್ರಜ್ಞೆ: ಪ್ಲಾಸ್ಟಿಕ್ ಅಕ್ಕಿ ಅಂತ ಇಲ್ಲ. ನೀವು ನೋಡಿದ್ದು ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸುತ್ತಾರೆ. ಬಣ್ಣ ಸ್ವಲ್ಪ ಬೇರೆ, ಕೆಲವು ತೇಲುತ್ತವೆ. ಆರಿಸಿ ಎಸೆಯಬೇಡಿ.

ವಿಜಯಪುರದ ಅಕ್ಕ: ನಮ್ಮ ಕಡೆ 26 ಕೆ.ಜಿ. ಅಕ್ಕಿ ಚೀಲ ಯಾಕ ಬರ್ತಾವ? ಮೊದಲ 25 ಇದ್ವು.

ಲೆಕ್ಕದ ಪುಸ್ತಕ: ಇದಕ್ಕೆ ನಾನೇ ಹೇಳ್ತೀನಿ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಒಂದು ಕೆ.ಜಿ. ಹೆಚ್ಚು ತುಂಬಿದರೆ ತೆರಿಗೆ ಇಲ್ಲ.

ಕೆಂಗೇರಿ ಬಾಡಿಗೆ ಮನೆ: ಮೇಡಂ ನಮಸ್ತೆ. ಆಫರ್ ಇತ್ತು ಅಂತ 26 ಕೆ.ಜಿ.ದು ಮೂರು ಚೀಲ ಸೋನಾ ಮಸೂರಿ ತಂದ್ವಿ. ಎರಡನೇ ಚೀಲದಲ್ಲಿ ಹುಳ. ನಮ್ಮ ಭಾವ ರೈಸ್ ಮಿಲ್‌ನಲ್ಲಿದ್ದಾರೆ, ಅಲ್ಲಿ ಗೋಡೌನ್‌ಗೆ ಇಡೋ ಮಾತ್ರೆ ಎರಡು ಕೊಟ್ಟರು. ಬಟ್ಟೆಯಲ್ಲಿ ಗಂಟು ಕಟ್ಟಿ ನಿನ್ನೆ ರಾತ್ರಿ ಅಕ್ಕಿ ಡ್ರಮ್ಮಿನಲ್ಲಿ ಇಟ್ಟಿದ್ದೀನಿ. ಡ್ರಮ್ಮು ಮಲಗೋ ಕೋಣೆಯಲ್ಲೇ ಇದೆ, ಮನೆ ಚಿಕ್ಕದು. ಅಕ್ಕಿ ಎಷ್ಟು ದಿನ ಬಿಟ್ಟು ಬಳಸಬೇಕು? ಹಳೇ ಮೀನಿನ ಥರ ವಾಸನೆ ಬರ್ತಿದೆ, ತೊಳೆದರೆ ಹೋಗುತ್ತಾ?

ಅಜ್ಜಿ ಮದ್ದು: ನಮ್ಮ ಫ್ಯಾಮಿಲಿ ಗ್ರೂಪಲ್ಲೂ ಬಂದಿತ್ತು ಇದು. "ಒಂದು ಮಾತ್ರೆ ಇಡಿ, ವರ್ಷವಿಡೀ ಹುಳ ಇಲ್ಲ." ತುಂಬಾ ಜನ ಒಳ್ಳೇದಾಯ್ತು ಅಂದಿದ್ದಾರೆ.

ಆಹಾರ ತಂತ್ರಜ್ಞೆ: ಕೆಂಗೇರಿಯವರೇ, ಉಳಿದದ್ದು ಆಮೇಲೆ. ಈಗಲೇ ಎಲ್ಲರನ್ನೂ ಮನೆಯಿಂದ ಆಚೆ ಕಳಿಸಿ, ಮಕ್ಕಳನ್ನು ಮೊದಲು. ಹೋಗುವಾಗ ದಾರಿಯಲ್ಲಿ ಸಿಗುವ ಕಿಟಕಿ ಬಾಗಿಲು ತೆಗೆದಿಡಿ. ಡ್ರಮ್ಮಿನ ಮುಚ್ಚಳ ತೆರೆಯಬೇಡಿ. ಮಾತ್ರೆ ಮುಟ್ಟಬೇಡಿ, ನೀರು ಹಾಕಬೇಡಿ. ನೀರು ಬಿದ್ದರೆ ಒಮ್ಮೆಲೇ ವಿಷಾನಿಲ ಏಳುತ್ತದೆ, ಬೆಂಕಿಯೂ ಹತ್ತಬಹುದು. ಒಲೆ ಹಚ್ಚಬೇಡಿ. ಹೊರಗೆ ನಿಂತು 112ಕ್ಕೆ ಫೋನ್ ಮಾಡಿ, ಅಕ್ಕಿಯಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇದೆ ಎಂದು ಹೇಳಿ. ಯಾರಿಗಾದರೂ ತಲೆನೋವು, ವಾಂತಿ, ಕೆಮ್ಮು, ಎದೆ ಬಿಗಿತ ಇದೆಯೇ? ಇಲ್ಲಿ ಉತ್ತರ ಹಾಕಿ.

ತುಮಕೂರು ತೆಂಗು: ಪ್ಲಾಸ್ಟಿಕ್ ಅಕ್ಕಿ ವಿಡಿಯೋ ನನ್ನ ಹತ್ತಿರ ಇದೆ ಮೇಡಂ, ಕಳಿಸಲಾ?

ಆಹಾರ ತಂತ್ರಜ್ಞೆ: ಬೇಡ.

ಐಟಿ ಅಪ್ಪ: ಕಿರಾಣಿ ಸರ್, ಉದ್ರಿ ಕೊಡ್ತೀರಿ ಸರಿ, ಅದರ ಬೆಲೆ ಬೇಳೆ ಮೇಲೆ ಹಾಕ್ತೀರಲ್ಲ?

ಮಂಡ್ಯದ ಸೊಸೆ: ಸೂಪರ್‌ಮಾರ್ಕೆಟ್‌ಗೆ ಹೋದ್ರೆ ಬೇಳೇಲಿ ಐವತ್ತು ಉಳಿಸಿ ಟವೆಲ್ಲು, ಡಬ್ಬ, ಚಾಕಲೇಟು ಅಂತ ಐನೂರು ಕಳೀತೀವಿ. ಇದನ್ನ ಯಾರೂ ಹೇಳಲ್ಲ.

ಐಟಿ ಅಪ್ಪ: ಅದು ನಿಮ್ಮ ಕೈಯಲ್ಲಿರೋದು. ಪಟ್ಟಿ ಬರೆದುಕೊಂಡು ಹೋಗಿ.

ಮಂಡ್ಯದ ಸೊಸೆ: ಎರಡು ಮಕ್ಕಳನ್ನ ಕರಕೊಂಡು ಒಂದು ಸಲ ಹೋಗಿ ಬನ್ನಿ, ಆಮೇಲೆ ಪಟ್ಟಿ ಪಾಠ ಮಾಡಿ.

ಆಹಾರ ತಂತ್ರಜ್ಞೆ: ಕೆಂಗೇರಿಯವರೇ, ಓದಿದಿರಾ? ಅಡ್ಮಿನ್, ಅವರ ನಂಬರ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಫೋನ್ ಮಾಡಿ. ಕಾಯಬೇಡಿ.

ಅಡ್ಮಿನ್: ಮಾಡ್ತಿದ್ದೀನಿ ಮೇಡಂ. ರಿಂಗ್ ಆಗ್ತಿದೆ, ತೆಗೀತಿಲ್ಲ.

ಅಜ್ಜಿ ಮದ್ದು: ಇಷ್ಟು ಹೆದರಿಸೋದು ಬೇಕಾ ಮೇಡಂ? ಊರಿನ ನಮ್ಮ ಮನೇಲಿ ಎಷ್ಟೋ ವರ್ಷದಿಂದ ಇಡ್ತಾರೆ. ಯಾರಿಗೂ ಏನೂ ಆಗಿಲ್ಲ.

ಆಹಾರ ತಂತ್ರಜ್ಞೆ: ಬೇಕು. ಊರಿನ ಮನೆಯಲ್ಲಿ ಕಣಜದ ಕೋಣೆ ಬೇರೆ, ಮಲಗುವ ಜಾಗ ಬೇರೆ ಇದ್ದಿರಬಹುದು. ಅದೃಷ್ಟ ಚೆನ್ನಾಗಿದ್ದಿರಬಹುದು. ಇಲ್ಲಿ ಲೆಕ್ಕ ನೋಡಿ.

ಮೂರು ಗ್ರಾಂನ ಒಂದು ಮಾತ್ರೆ ಸುಮಾರು ಒಂದು ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ನೀರು ಬೇಕಿಲ್ಲ, ಗಾಳಿಯ ಮತ್ತು ಅಕ್ಕಿಯ ತೇವವೇ ಸಾಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಗಾಳಿ ಸುಮಾರು 28 ಘನ ಮೀಟರ್. ಒಂದು ಮಾತ್ರೆಯ ಅನಿಲವೆಲ್ಲ ಅದರಲ್ಲಿ ಬೆರೆತರೆ ದಶಲಕ್ಷಕ್ಕೆ 25 ಭಾಗ ದಾಟುತ್ತದೆ. ಇದರ ನಡುವೆ ಎಂಟು ಗಂಟೆ ಕೆಲಸ ಮಾಡುವ ವಯಸ್ಕರಿಗೆ ಒಪ್ಪಿರುವ ಮಿತಿ 0.3 ಭಾಗ. ಅವರು ಇಟ್ಟಿರುವುದು ಎರಡು ಮಾತ್ರೆ. 50 ಭಾಗವೆಂದರೆ ತಕ್ಷಣ ಪ್ರಾಣಾಪಾಯದ ಮಟ್ಟ. ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ ಈ ಅನಿಲವನ್ನು ತಡೆಯುವುದಿಲ್ಲ, ನಿಧಾನವಾಗಿ ಸೋರುತ್ತಲೇ ಇರುತ್ತದೆ. ವಾಸನೆ ಇಲ್ಲದಿದ್ದರೆ ಅಪಾಯವಿಲ್ಲ ಎಂದೂ ತಿಳಿಯಬೇಡಿ, ಶುದ್ಧ ಫಾಸ್ಫೀನ್‌ಗೆ ವಾಸನೆಯೇ ಇಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಅದರ ಜೊತೆಗಿರುವ ಕಲ್ಮಶದ್ದು. ಹೃದಯ, ಶ್ವಾಸಕೋಶ ಎರಡಕ್ಕೂ ಹೊಡೆತ. ಇದಕ್ಕೆ ಪ್ರತಿವಿಷ ಇಲ್ಲ, ವೈದ್ಯರು ಉಸಿರು, ರಕ್ತದೊತ್ತಡ ಕಾಪಾಡುತ್ತಾ ಕಾಯಬೇಕು.

ದೊಡ್ಡ ಗೋದಾಮಿನಲ್ಲಿ ಇದನ್ನು ಬಳಸುವಾಗ ಚೀಲದ ರಾಶಿಯನ್ನು ದಪ್ಪ ಹಾಳೆಯಲ್ಲಿ ಮುಚ್ಚಿ, ಅಂಚಿಗೆ ಮರಳು ತುಂಬಿದ ಉದ್ದನೆಯ ಚೀಲ ಇಟ್ಟು ಅನಿಲ ಸೋರದಂತೆ ಮಾಡುತ್ತಾರೆ. ಮನುಷ್ಯರು ಆ ಕಡೆ ಸುಳಿಯುವುದಿಲ್ಲ. ದಿನಗಟ್ಟಲೆ ಬಿಟ್ಟು, ಗಾಳಿಯಾಡಿಸಿ, ಅನಿಲ ಅಳೆದು ಆಮೇಲೆ ಒಳಗೆ ಹೋಗುತ್ತಾರೆ. ನಾನೂ ಮುಖಕವಚ ಹಾಕಿಕೊಂಡೇ ಆ ಕೆಲಸ ಮಾಡಿದ್ದೇನೆ. ಸರ್ಕಾರಿ ಸಂಸ್ಥೆಗಳು, ಪರವಾನಗಿ ಪಡೆದ ಕೀಟ ನಿಯಂತ್ರಕರು ಬಿಟ್ಟರೆ ಬೇರೆಯವರಿಗೆ ಇದನ್ನು ಮಾರುವಂತಿಲ್ಲ. ಮನೆಯಲ್ಲಿ ಇಡುವ ವಸ್ತುವೇ ಅಲ್ಲ. ಆ ಫಾರ್ವರ್ಡ್ ಬಂದ ಪ್ರತಿ ಗುಂಪಿನಲ್ಲೂ ಅಳಿಸಿ, ಅಪಾಯ ಎಂದು ಬರೆಯಿರಿ. ಇದು ಕೋರಿಕೆಯಲ್ಲ.

ಅಜ್ಜಿ ಮದ್ದು: ಸರಿ ಮೇಡಂ. ಹಾಗಾದ್ರೆ ಬೋರಿಕ್ ಪೌಡರ್ ಬೆರೆಸಬಹುದಾ?

ಆಹಾರ ತಂತ್ರಜ್ಞೆ: ಇಲ್ಲ. ಆಹಾರಕ್ಕೆ ಬೆರೆಸಲು ಅದಕ್ಕೆ ಅನುಮತಿ ಇಲ್ಲ, ಮಕ್ಕಳಿಗೆ ವಿಷ.

ಬಳ್ಳಾರಿ ಬಿಸಿಲು: ಹಳೇ ಅಕ್ಕಿ, ಹೊಸ ಅಕ್ಕಿ, ಯಾವುದು ತಗೊಂಡ್ರೆ ಲಾಭ ಮೇಡಂ?

ಹುಬ್ಬಳ್ಳಿ ಕಿರಾಣಿ: ನೋಡ್ರಿ, ನಮ್ಮಲ್ಲಿ ಐದು ಕಿಲೋ, ಹತ್ತು ಕಿಲೋ ಒಯ್ದಿದ್ರ ಹುಳಾನೂ ಇಲ್ಲ, ಗುಳಗೀನೂ ಇಲ್ಲ. ಆಫರ್ ಆಫರ್ ಅಂತ ಮೂರು ಮೂರು ಚೀಲ ಹೊತ್ತಗೊಂಡು ಹೋಗ್ತಾರ.

ಐಟಿ ಅಪ್ಪ: ಒಬ್ಬರ ಮನೆಯಲ್ಲಿ ಹೀಗಾಗಿರುವಾಗ ವ್ಯಾಪಾರ ಮಾಡಬೇಡಿ ಸರ್.

ಹುಬ್ಬಳ್ಳಿ ಕಿರಾಣಿ: ವ್ಯಾಪಾರ ಅಲ್ಲೋ ತಮ್ಮಾ, ಖರೆ ಮಾತು. ನಿನಗ ತಡ್ಕೊಳ್ಳಾಕ ಆಗವಲ್ದು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಕೆಂಗೇರಿಯವರ ಪಕ್ಕದ ಮನೆಯವರು ಫೋನ್‌ನಲ್ಲಿ ಸಿಕ್ಕರು. ಎಲ್ಲರೂ ಹೊರಗೆ ಬಂದಿದ್ದಾರಂತೆ.

ಕೆಂಗೇರಿ ಬಾಡಿಗೆ ಮನೆ: ಮೇಡಂ ನಾವು ರಸ್ತೇಲಿದ್ದೀವಿ. ಚಿಕ್ಕವಳಿಗೆ ಬೆಳಿಗ್ಗೆಯಿಂದ ತಲೆನೋವು, ಎರಡು ಸಲ ವಾಂತಿ ಮಾಡಿದಳು. ಅಜೀರ್ಣ ಅಂದ್ಕೊಂಡು ಜೀರಿಗೆ ನೀರು ಕೊಟ್ಟಿದ್ದೆ. ಆಂಬುಲೆನ್ಸ್ ಬರ್ತಿದೆ.

ಆಹಾರ ತಂತ್ರಜ್ಞೆ: ಒಳ್ಳೆಯದು. ಮಗುವನ್ನು ನಡೆಸಬೇಡಿ, ಎತ್ತಿಕೊಳ್ಳಿ. ಬಾಯಿಗೆ ಏನೂ ಹಾಕಬೇಡಿ. ರಾತ್ರಿ ಆ ಕೋಣೆಯಲ್ಲಿ ಮಲಗಿದ ಪ್ರತಿಯೊಬ್ಬರೂ ಆಸ್ಪತ್ರೆಗೆ ಹೋಗಬೇಕು, ಈಗ ಆರಾಮಾಗಿದ್ದರೂ ಸರಿ. ವೈದ್ಯರಿಗೆ "ಫಾಸ್ಫೀನ್ ಅನಿಲ, ನಿನ್ನೆ ರಾತ್ರಿಯಿಂದ" ಎಂದು ಇದೇ ಪದದಲ್ಲಿ ಹೇಳಿ. ಭಾವನವರ ಹತ್ತಿರ ಮಾತ್ರೆಯ ಡಬ್ಬಿ ಇದ್ದರೆ ಅದರ ಫೋಟೋ ತರಿಸಿಕೊಳ್ಳಿ. ಮನೆಯೊಳಗೆ ಚಾರ್ಜರ್, ಬಟ್ಟೆ ಅಂತ ಯಾರೂ ವಾಪಸ್ ಹೋಗಬಾರದು.

ಮಂಡ್ಯದ ಸೊಸೆ: ದೇವರೇ. ಮಗು ಹುಷಾರಾಗಲಿ.

ವಿಜಯಪುರದ ಅಕ್ಕ: ಮೇಡಂ, ಮತ್ತ ಹುಳಕ್ಕ ನಾವೇನು ಮಾಡೂಣು? ಬೇವಿನ ಎಲಿ, ಒಣ ಮೆಣಸಿನಕಾಯಿ ಇಡೂದು ಸರಿ ಐತೇನ್ರಿ?

ಆಹಾರ ತಂತ್ರಜ್ಞೆ: ಇಡಬಹುದು, ಅಪಾಯವಿಲ್ಲ. ಆದರೆ ಅಕ್ಕಿಯ ಸೊಂಡಿಲು ಹುಳ ಕಾಳನ್ನು ಕೊರೆದು ಅದರೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗೇ ಬೆಳೆಯುತ್ತದೆ. ಎಲೆಯ ವಾಸನೆ ಅಲ್ಲಿಗೆ ಮುಟ್ಟುವುದಿಲ್ಲ. ಅಂಗಡಿಯಿಂದ ಬರುವಾಗಲೇ ಮೊಟ್ಟೆ ಇರಬಹುದು, ಅದು ನಿಮ್ಮ ತಪ್ಪೂ ಅಲ್ಲ. ಒಂದು ತಿಂಗಳಲ್ಲಿ ತಿನ್ನುವಷ್ಟು ಮಾತ್ರ ತನ್ನಿ. ಫ್ರೀಜರ್ ಇದ್ದರೆ ಸಣ್ಣ ಪೊಟ್ಟಣಗಳನ್ನು ನಾಲ್ಕು ದಿನ ಅದರಲ್ಲಿಟ್ಟು, ತೆಗೆದ ಮೇಲೆ ತೇವ ಪೂರ್ತಿ ಆರಿಸಿ ಡಬ್ಬಕ್ಕೆ ಹಾಕಿ. ಡಬ್ಬದ ತಳದ ಹಳೆಯ ಅಕ್ಕಿಯ ಮೇಲೆ ಹೊಸದನ್ನು ಸುರಿಯಬೇಡಿ. ತೊಗರಿಬೇಳೆಗೆ ಹರಳೆಣ್ಣೆ ಸವರುವುದು ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ಹುಳ ಬಿದ್ದ ಅಕ್ಕಿಯನ್ನು ಜರಡಿ ಹಿಡಿದು ನೆರಳಲ್ಲಿ ಹರವಿ, ಸುಡುಬಿಸಿಲಿಗೆ ಅಕ್ಕಿ ಬಿರುಕು ಬಿಟ್ಟು ನುಚ್ಚಾಗುತ್ತದೆ.

ತುಮಕೂರು ತೆಂಗು: ತೇಲೋ ಅಕ್ಕಿ ಪ್ಲಾಸ್ಟಿಕ್ ಅಲ್ಲ ಅಂತ ಖಚಿತಾನಾ ಮೇಡಂ?

ಆಹಾರ ತಂತ್ರಜ್ಞೆ: ಮೇಲೆ ಓದಿ.

ಐಟಿ ಅಪ್ಪ: ಕಡಿಮೆ ಸೋಡಿಯಂ ಉಪ್ಪು ಒಂದಕ್ಕೊಂದು ಉಚಿತ ಇತ್ತು, ನಾಲ್ಕು ತಂದೆ. ಅಪ್ಪನಿಗೆ ಬಿಪಿ, ಕಿಡ್ನಿನೂ ಸ್ವಲ್ಪ ವೀಕು. ಒಳ್ಳೇದಲ್ವಾ?

ಆಹಾರ ತಂತ್ರಜ್ಞೆ: ಅವರಿಗೆ ಕೊಡಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇದೆ. ಕಿಡ್ನಿ ದುರ್ಬಲವಾಗಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸಬಹುದು, ಬಿಪಿಯ ಕೆಲವು ಮಾತ್ರೆಗಳ ಜೊತೆ ಇನ್ನೂ ಹೆಚ್ಚು. ಅವರ ವೈದ್ಯರನ್ನು ಕೇಳದೆ ಪೊಟ್ಟಣ ಒಡೆಯಬೇಡಿ.

ಮಂಡ್ಯದ ಸೊಸೆ: ಪಟ್ಟಿ ಬರೆದುಕೊಂಡು ಹೋದವರು ನಾಲ್ಕು ಪ್ಯಾಕೆಟ್ ತಂದಿದ್ದಾರೆ ನೋಡಿ.

ಐಟಿ ಅಪ್ಪ: ಅಪ್ಪನ ಆರೋಗ್ಯದ ವಿಷಯ ಇದು. ಸ್ವಲ್ಪ ಮರ್ಯಾದೆ ಇರಲಿ.

ಅಡ್ಮಿನ್: ಇನ್ನೊಂದು ಮಾತಾಡಿದರೆ ಇಬ್ಬರನ್ನೂ ತೆಗೀತೀನಿ.

ದಾವಣಗೆರೆ ಬೆಣ್ಣೆ: ಆಫರ್ ತುಪ್ಪ ಬಿಳಿ ಬಿಳಿ ಇದೆ, ಡಾಲ್ಡಾ ಇರಬಹುದಾ?

ಕೆಂಗೇರಿ ಬಾಡಿಗೆ ಮನೆ: ಮೇಡಂ, ಆಸ್ಪತ್ರೆಯಲ್ಲಿದ್ದೀವಿ. ಮಗಳಿಗೆ ಆಮ್ಲಜನಕ ಹಾಕಿದ್ದಾರೆ, ಇಸಿಜಿ ಮಾಡಿದರು. ಮಾತಾಡ್ತಿದ್ದಾಳೆ. ರಾತ್ರಿ ಇಟ್ಟುಕೊಂಡು ನೋಡ್ತೀವಿ ಅಂದರು. ಡ್ರಮ್ಮು ಅಗ್ನಿಶಾಮಕದವರು ಹೊರಗೆ ತೆಗೆದಿಟ್ಟರು. ಆ ಅಕ್ಕಿ ಏನು ಮಾಡಲಿ? ಎರಡು ಚೀಲದ್ದಿದೆ. ಹಸುವಿಗಾದರೂ ಹಾಕಬಹುದಾ?

ಆಹಾರ ತಂತ್ರಜ್ಞೆ: ಮಾತಾಡುತ್ತಿದ್ದಾಳೆ ಎಂದು ಓದಿ ಬಹಳ ಸಮಾಧಾನವಾಯಿತು. ಆ ಅಕ್ಕಿ ಯಾರಿಗೂ ಬೇಡ. ಹಸುವಿಗೂ ಬೇಡ, ಹಕ್ಕಿಗೂ ಬೇಡ, ಮನೆಗೆಲಸದವರಿಗೂ ಕೊಡಬೇಡಿ. ಮಾತ್ರೆ ಕರಗಿ ಉಳಿಯುವ ಬೂದಿಯಲ್ಲಿ ವಿಷ ಇನ್ನೂ ಇರಬಹುದು, ಬಟ್ಟೆಯಿಂದ ಉದುರಿ ಕಾಳಿನಲ್ಲಿ ಬೆರೆತಿರುತ್ತದೆ. ದುಡ್ಡು ಹೋಯಿತು ಎಂಬ ಸಂಕಟ ಅರ್ಥವಾಗುತ್ತದೆ, ಆದರೂ ವಿಲೇವಾರಿ ಮಾಡಲು ಅಗ್ನಿಶಾಮಕದವರಿಗೇ ಒಪ್ಪಿಸಿ. ಒಂದು ಮುಖ್ಯ ಪ್ರಶ್ನೆ: ಭಾವ ಈ ಮಾತ್ರೆಯನ್ನು ಇನ್ನು ಯಾರಿಗೆ ಕೊಟ್ಟಿದ್ದಾರೆ?

ಅಜ್ಜಿ ಮದ್ದು: ಮೇಡಂ, ಫಾರ್ವರ್ಡ್ ಅಳಿಸಿದೆ. ನಾಲ್ಕು ಗ್ರೂಪಲ್ಲಿ ಎಚ್ಚರಿಕೆ ಹಾಕಿದ್ದೀನಿ.

ದಾವಣಗೆರೆ ಬೆಣ್ಣೆ: ನನ್ನ ತುಪ್ಪದ ಪ್ರಶ್ನೆ ಯಾರೂ ನೋಡಲೇ ಇಲ್ಲ.

ಕೆಂಗೇರಿ ಬಾಡಿಗೆ ಮನೆ: ನಮ್ಮ ನಾದಿನಿ ಮನೆಗೂ ಕೊಟ್ಟಿದ್ದಾರಂತೆ ಮೇಡಂ, ನೆಲಮಂಗಲದಲ್ಲಿ. ಮೊನ್ನೆಯೇ. ಅವಳು ಬಾಣಂತಿ. ನಮ್ಮವರು ಈಗ ಫೋನ್ ಮಾಡ್ತಿದ್ದಾರೆ.

ಆಹಾರ ತಂತ್ರಜ್ಞೆ: ಫೋನ್ ತೆಗೆಯದಿದ್ದರೆ 112ಕ್ಕೆ ಆ ವಿಳಾಸ ಕೊಡಿ, ಪಕ್ಕದ ಮನೆಯವರಿಗೆ ಹೇಳಿ ಬಾಗಿಲು ಬಡಿಸಿ. ತಾಯಿ ಮಗು ಮೊದಲು ಹೊರಗೆ ಬರಲಿ. ನಾನು ಆನ್‌ಲೈನ್‌ನಲ್ಲೇ ಇರುತ್ತೇನೆ. ಅಡ್ಮಿನ್, ಉಳಿದ ಪ್ರಶ್ನೆಗಳನ್ನು ಇವತ್ತಿಗೆ ಬಂದ್ ಮಾಡಿ.

ಅಡ್ಮಿನ್: ಗುಂಪು ಈಗ ಕೆಂಗೇರಿಯವರಿಗೆ ಮತ್ತು ಮೇಡಂಗೆ ಮಾತ್ರ ತೆರೆದಿದೆ.

ಕೆಂಗೇರಿ ಬಾಡಿಗೆ ಮನೆ: ನಾದಿನಿ ಫೋನ್ ತೆಗೆದಳು. ಮಗು ಎತ್ತಿಕೊಂಡು ಆಚೆ ಬಂದಿದ್ದಾಳೆ.

ಆಹಾರ ತಂತ್ರಜ್ಞೆ: ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿ. ಭಾವನವರ ನಂಬರ್ ನನಗೆ ಕಳಿಸಿ, ಉಳಿದ ಡಬ್ಬಿ ಎಲ್ಲಿದೆ ಎಂದು ನಾನೇ ಕೇಳುತ್ತೇನೆ.