ಟರ್ಕಿ ಕೋಳಿ ಬೇಟೆಗೆ ಮೌತ್ ಕಾಲ್: ಅಂಗುಳಕ್ಕೆ ಕೂರುತ್ತಿಲ್ಲ, ಏನು ಮಾಡಲಿ?

ಪೆನ್ಸಿಲ್ವೇನಿಯಾ_ಕನ್ನಡಿಗ:
ಇಲ್ಲಿ ವಸಂತದ ಸೀಸನ್‌ನಲ್ಲಿ ಟರ್ಕಿ ಹಿಂದೆ ಹೆಜ್ಜೆ ಹಾಕಿ ಹೋಗಿ ಹೊಡೆಯುವ ಹಾಗಿಲ್ಲ, ಹೆಣ್ಣಿನ ಹಾಗೆ ಕೂಗಿಯೇ ಗಂಡನ್ನು ಕರೆಸಬೇಕು. ಬಾಕ್ಸ್ ಕಾಲ್ (ಕೈಯಲ್ಲಿ ಉಜ್ಜಿ ದನಿ ತೆಗೆಯುವ ಮರದ ಡಬ್ಬಿ) ಚೆನ್ನಾಗಿಯೇ ಬರುತ್ತದೆ. ಆದರೆ ಗಂಡು ಹತ್ತಿರ ಬಂದಾಗ ಕೈ ಅಲ್ಲಾಡಿದರೆ ಮುಗಿಯಿತು, ಅದರ ಕಣ್ಣು ಅಷ್ಟು ಚುರುಕು. ಅದಕ್ಕೇ ಬಾಯೊಳಗೆ ಅಂಗುಳಕ್ಕೆ ಕೂರಿಸಿ ಊದುವ ಮೌತ್ ಕಾಲ್ ತಂದೆ, ಮೂರು ರೀಡ್‌ನದ್ದು (ರೀಡ್ ಅಂದರೆ ಗಾಳಿಗೆ ಅಲುಗಿ ದನಿ ಕೊಡುವ ತೆಳು ಲೇಟೆಕ್ಸ್ ರಬ್ಬರ್ ಪದರ). ಬರೀ ಉಸ್ ಅಂತ ಗಾಳಿ ಹೋಗುತ್ತದೆ, ಸ್ವಲ್ಪ ಹಿಂದೆ ತಳ್ಳಿದರೆ ವಾಂತಿ ಬಂದ ಹಾಗಾಗುತ್ತದೆ. ಬೇರೆ ಕೊಳ್ಳಬೇಕಾ, ಇದನ್ನೇ ಸರಿ ಮಾಡಬಹುದಾ?

ಓಹಾಯೋ_ಮಲೆನಾಡಿಗ:
ಸದ್ಯಕ್ಕೆ ಕೊಳ್ಳಬೇಡಿ. ಮೊದಲು ಅಳತೆ ಸರಿ ಮಾಡಿ, ರೀಡ್ ವಿಚಾರ ಆಮೇಲೆ. ಕಾಲ್‌ನ ಫ್ರೇಮ್ ಲಾಳದ ಆಕಾರದ್ದು, ಅದರ ತೆರೆದ ಬದಿ ಮುಂದೆ, ಹಲ್ಲಿನ ಕಡೆ ಇರಬೇಕು. ಒಣಗಿದ ಹೊಸ ಕಾಲ್ ಗಟ್ಟಿ ಇರುತ್ತದೆ, ಬಾಯಲ್ಲಿ ಸುಮ್ನೆ ಇಟ್ಟುಕೊಂಡು ಫ್ರೇಮ್ ಸುತ್ತಲಿನ ಟೇಪ್ ಮೆತ್ತಗಾಗಲು ಬಿಡಿ. ಆಮೇಲೆ ಫ್ರೇಮ್‌ನ ಎರಡೂ ಬದಿಯನ್ನು ಒಂದೇ ಸಮ ಒಂಚೂರು ಕೆಳಕ್ಕೆ ಬಾಗಿಸಿ, ನಡುಭಾಗ ಅಂಗುಳದ ಗುಮ್ಮಟಕ್ಕೆ ಹೊಂದಬೇಕು. ಜಾಸ್ತಿ ಬಾಗಿಸಿದರೆ ಲೇಟೆಕ್ಸ್ ಸಡಿಲವಾಗಿ ದನಿ ಕೆಡುತ್ತದೆ. ಇಷ್ಟಾದರೂ ಹಲ್ಲಿಗೆ ತಾಗುತ್ತಿದ್ದರೆ ಸಣ್ಣ ಕತ್ತರಿಯಲ್ಲಿ ಟೇಪ್ ಅಂಚನ್ನು ಕೂದಲೆಳೆಯಷ್ಟೇ ಕತ್ತರಿಸಿ, ಬಾಯಲ್ಲಿಟ್ಟು ನೋಡಿ, ಮತ್ತೆ ಕತ್ತರಿಸಿ. ಒಂದೇ ಸಲ ಅಗಲವಾಗಿ ಕತ್ತರಿಸಿದರೆ ಗಾಳಿ ಪಕ್ಕದಿಂದ ಸೋರುತ್ತದೆ, ಅದನ್ನು ಮತ್ತೆ ಅಂಟಿಸಲು ಆಗುವುದಿಲ್ಲ ಅಲ್ವಾ. ಎಲ್ಲ ಮಾಡಿಯೂ ವಾಂತಿ ಬರುವ ಹಾಗಾದರೆ ನಿಮ್ಮ ಅಂಗುಳ ಕಿರಿದು, ಆಗ ಸಣ್ಣ ಫ್ರೇಮಿನದ್ದು ಕೊಳ್ಳಿ.

ಜಾರ್ಜಿಯಾ_ಗದ್ದೆಮನೆ:
ಮೇಲಿನವರು ಹೇಳಿದ್ದು ಸರಿ, ಆದರೆ ನಾನು ಮೂರು ರೀಡ್ ಬದಿಗಿಡಿ ಅಂತಲೇ ಹೇಳುತ್ತೇನೆ. ಕಲಿಯುವವರಿಗೆ ಎರಡು ರೀಡ್ ಸಾಕು, ಕಡಿಮೆ ಗಾಳಿಗೇ ಅಲುಗುತ್ತದೆ. ರೀಡ್‌ನಲ್ಲಿ ಕಟ್ ಇಲ್ಲದ್ದು ತಿಳಿ ದನಿ ಕೊಡುತ್ತದೆ. ವಿ ಕಟ್ ಇದ್ದರೆ ವಯಸ್ಸಾದ ಹೆಣ್ಣಿನ ಒರಟು ದನಿ ಬರುತ್ತದೆ, ಅದು ಆಮೇಲಿನ ಮಾತು. ಉಸ್ ಅನ್ನುವುದಕ್ಕೆ ಕಾರಣ ನಾಲಿಗೆ ರೀಡ್‌ಗೆ ಒತ್ತುತ್ತಿಲ್ಲ. ಕೆನ್ನೆಯಿಂದ ಊದಬೇಡಿ, ಎದೆಯಾಳದಿಂದ ಗಾಳಿ ಬಿಡಿ. ಮೊದಲು ಒಂದೇ ಎತ್ತರದ ದನಿ ಸಲೀಸಾಗಿ ಹಿಡಿಯಿರಿ, ಆಮೇಲೆ ದವಡೆ ಇಳಿಸಿ ಒತ್ತಡ ಬಿಟ್ಟರೆ ದನಿ ತಾನಾಗಿ ಕೆಳಗಿಳಿಯುತ್ತದೆ. ಆ ಎರಡು ಸ್ವರ ಸೇರಿದ್ದೇ ಯೆಲ್ಪ್, ಅಂದರೆ ಹೆಣ್ಣು ಟರ್ಕಿಯ ಕೂಗು. ದನಿ ಒಂಚೂರು ಆಚೀಚೆ ಆದರೂ ಗಂಡು ಬರುತ್ತದೆ, ಲಯ ತಪ್ಪಿದರೆ ಬರುವುದು ಕಷ್ಟ. ಕಾರಿನಲ್ಲಿ ಅಭ್ಯಾಸ ಮಾಡಿ, ಸೀಸನ್‌ಗೆ ಮುಂಚೆ ಕಾಡಿನಲ್ಲಿ ದಯವಿಟ್ಟು ಬೇಡ, ಹಕ್ಕಿಗಳು ಹುಷಾರಾಗಿಬಿಡುತ್ತವೆ.

ಪೆನ್ಸಿಲ್ವೇನಿಯಾ_ಕನ್ನಡಿಗ:
ಬಾಗಿಸಿದ ಮೇಲೆ ಉಸ್ ಹೋಯಿತು, ಸಣ್ಣ ಕೀರಲು ಬರುತ್ತಿದೆ! ತುಂಬಾ ಥ್ಯಾಂಕ್ಸ್. ಎರಡು ರೀಡ್‌ನದ್ದೂ ತರುತ್ತೇನೆ. ಬಳಸಿದ ಮೇಲೆ ಹೇಗೆ ಇಡಬೇಕು?

ಓಹಾಯೋ_ಮಲೆನಾಡಿಗ:
ನೀರಲ್ಲಿ ತೊಳೆದು, ರೀಡ್‌ಗಳು ಅಂಟದ ಹಾಗೆ ಮಧ್ಯೆ ಚಪ್ಪಟೆ ಟೂತ್‌ಪಿಕ್ ಸಿಕ್ಕಿಸಿ ಒಣಗಿಸಿ, ಫ್ರಿಜ್‌ನಲ್ಲಿಡಿ. ಬಿಸಿಲು, ಕಾರಿನ ಶಾಖ ಎರಡೂ ಲೇಟೆಕ್ಸ್‌ಗೆ ಆಗದು. ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ: ನೀವು ಹೆಣ್ಣು ಟರ್ಕಿ ಹಾಗೆ ಕೂಗಿದಾಗ ಇನ್ನೊಬ್ಬ ಬೇಟೆಗಾರನೂ ಆ ಕಡೆ ಬರಬಹುದು. ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡವೇ ಬೇಡ, ಗಂಡಿನ ತಲೆಯಲ್ಲಿ ಇರುವುದು ಅದೇ ಬಣ್ಣಗಳು. ಯಾರಾದರೂ ಕಂಡರೆ ಕೈ ಬೀಸಬೇಡಿ, ಜೋರಾಗಿ ಮಾತಾಡಿಸಿ.