ಕಸ್ತೂರಿ ಎತ್ತು ಹಿಮಕ್ಕ ಸಾಯಂಗಿಲ್ಲ, ಮಳಿಗೆ ಯಾಕ ಸಾಯ್ತೈತಿ?

ಹಾವೇರಿ_ಹಟ್ಟಿ:
ಆರ್ಕ್ಟಿಕ್‌ನ ಕಸ್ತೂರಿ ಎತ್ತು ಮೈನಸ್ 40 ಡಿಗ್ರಿ ಥಂಡಿ ತಡ್ಕೊಂತೈತಿ. ಆದ್ರ ಚಳಿಗಾಲದಾಗ ಒಮ್ಮೆ ಮಳಿ ಬಿದ್ರ ಹಿಂಡಿಗೆ ಹಿಂಡೇ ಸಾಯ್ತಾವಂತ. ನಮ್ಮ ಕುರಿ ಜಡಿಮಳ್ಯಾಗ ತೊಯ್ದು ನಡುಗಿದಂಗ ಏನ್ರಿ? ಇನ್ನೊಂದು, ಅದರ ಉಣ್ಣೆಯಿಂದ ಕಂಬಳಿ ನೇಯಾಕ ಬರ್ತೈತೇನು?

ಗದಗ_ಗಾಳಿ:
ತೊಯ್ದು ಅಲ್ರೀ, ಹಸಿದು. ಮೇವು ಕಾಲಬುಡಕ್ಕ ಇರ್ತೈತಿ, ಬಾಯಿಗೆ ಸಿಗಂಗಿಲ್ಲ. ಪುಡಿಹಿಮ ಇದ್ರ ಮುಂಗಾಲಿಂದ ಕೆದರಿ ಕೆಳಗಿನ ಜೇಕಿನ ಜಾತಿ ಹುಲ್ಲು, ವಿಲ್ಲೋ ಅನ್ನೂ ಗಿಡ್ಡ ಗಿಡದ ಕಡ್ಡಿ ತಿಂತಾವು. ಮುಂದಿನ ಗೊರಸು ಹಿಂದಿನದಕ್ಕಿಂತ ಅಗಲ, ಕೆದರಾಕ ಅನುಕೂಲ. ಮಳಿ ಬಿದ್ರ ನೀರು ಹಿಮದೊಳಗ ಇಳಿದು ಹುಲ್ಲಿನ ಮ್ಯಾಲೇ ಬರ್ಫ ಆಗಿ ಕುಂದರ್ತೈತಿ, ಅಂಗಳಕ್ಕ ಹಾಸುಗಲ್ಲು ಹಾಸಿದಂಗ. 2003ರ ಅಕ್ಟೋಬರ್‌ನಾಗ ಕೆನಡಾದ ಬ್ಯಾಂಕ್ಸ್ ದ್ವೀಪದಾಗ ಹಿಂಗಾಗಿ ಸುಮಾರು 20,000 ಸತ್ತವು. ಅಕ್ಟೋಬರ್ ಅಂದ್ರ ಚಳಿಗಾಲ ಆಗಷ್ಟೇ ಶುರು, ಮುಂದ ತಿಂಗಳುಗಟ್ಲೆ ಅದು ಕರಗೂ ಮಾತೇ ಇಲ್ಲ.

ಚಳಿಗಾಲದಾಗ ಇವು ಹೆಚ್ಚು ಅಡ್ಡಾಡಂಗಿಲ್ಲ, ಬ್ಯಾಸಿಗ್ಯಾಗ ಕೂಡಿಸಿದ ಕೊಬ್ಬನ್ನ ಹಿಡಿದು ಹಿಡಿದು ಖರ್ಚ ಮಾಡ್ತಾವು. ಮೇವು ಹುಡುಕ್ಕೊಂತ ಅಲೆದ್ರ ಆ ಗಂಟೂ ಕರಗತೈತಿ. ಬದುಕಿ ಉಳಿದ ಹೆಣ್ಣು ಸೊರಗಿದ್ರ ಆ ವರ್ಷ ಗಬ್ಬನೇ ನಿಲ್ಲಂಗಿಲ್ಲ.

ಸಪ್ತಾಪುರ_ಓದುಗ:
ಹೆಸರೇ ದಾರಿ ತಪ್ಪಿಸುತ್ತದೆ. ಇದು ಎತ್ತಲ್ಲ, ಕುರಿ-ಆಡುಗಳ ಸಂಬಂಧಿ. ಕಸ್ತೂರಿ ಗ್ರಂಥಿಯೂ ಇಲ್ಲ. ಬೆದೆಗಾಲದಲ್ಲಿ ಗಂಡಿನ ಮೂತ್ರದ ವಾಸನೆಗೆ ಆ ಹೆಸರು ಬಿತ್ತು. ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನುಯಿಟ್ ಜನ ‘ಉಮಿಂಗ್ಮಾಕ್’, ಅಂದರೆ ಗಡ್ಡದವ ಎನ್ನುತ್ತಾರೆ. ನನ್ನ ಕೇಳಿದರೆ ಅದೇ ಸರಿ.

ಮಳೆಗಿಂತ ಮೊದಲು ಬಂದೂಕು ಇವನ್ನು ಮುಗಿಸಿತ್ತು. ತೋಳ ಬಂದರೆ ಕರುಗಳನ್ನು ಒಳಗಿಟ್ಟು ಕೋಟೆ ಕಟ್ಟಿದಂತೆ ಸುತ್ತ ನಿಲ್ಲುತ್ತವೆ, ಓಡುವುದಿಲ್ಲ. ಬಂದೂಕಿನೆದುರು ಅದೇ ಮುಳುವಾಯಿತು. 19ನೇ ಶತಮಾನ ಮುಗಿಯುವಾಗ ಅಲಾಸ್ಕಾದಲ್ಲಿ ಇವುಗಳ ಸುಳಿವೇ ಇರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನಿಂದ 34 ತಂದರು. ಅವುಗಳಲ್ಲಿ ಉಳಿದವನ್ನು 1935-36ರಲ್ಲಿ ಅಲಾಸ್ಕಾದ ನುನಿವಾಕ್ ದ್ವೀಪಕ್ಕೆ ಬಿಟ್ಟು ಸಂತತಿ ಬೆಳೆಸಿದರು.

ರಾಣೆಬೆನ್ನೂರ_ಕಂಬಳಿ:
ಉಣ್ಣೆದು ನಾ ಹೇಳ್ತೇನಿ. ಎರಡು ಪದರ ಇರ್ತೈತಿ. ನೆಲಕ್ಕ ಜೋತುಬೀಳೂ ಮ್ಯಾಲಿನ ಕೂದಲು ಒರಟು. ಬೆಲಿ ಇರೂದು ಒಳಗಿನ ಮೆತ್ತನ ತುಪ್ಪಟಕ್ಕ, ‘ಕಿವಿಯುತ್’ ಅಂತಾರ. ಕತ್ತರಿ ಹಾಕಂಗಿಲ್ಲ. ವಸಂತದಾಗ ತಾನೇ ಉದುರಾಕ ಹತ್ತಿದಾಗ, ಸಾಕಿದ ಪ್ರಾಣಿನ ಇಕ್ಕಟ್ಟಿನ ಕಟಾಂಜನದಾಗ ನಿಲ್ಲಿಸಿ ಉದ್ದ ಹಲ್ಲಿನ ಬಾಚಣಿಕಿಲೆ ಬಾಚತಾರ. ದೊಡ್ಡ ಪ್ರಾಣಿಗೆ ವರ್ಷಕ್ಕ 2-3 ಕಿಲೋ. ಒರಟು ಕೂದಲು ಕೂಡಿ ಬಂದ್ರ ನೂಲು ಚುಚ್ಚತೈತಿ, ಅದನ್ನ ಆರಿಸಿ ತೆಗೀಲೇಬೇಕು.

ಕಂಬಳಿಗೆ ಆಗಂಗಿಲ್ರೀ. ದಖ್ಖನಿ ಕುರಿ ಉಣ್ಣೆ ಒರಟು, ಹುಣಸಿಬೀಜದ ಗಂಜಿ ಕುಡಿದು ಬಿಗಿ ಆಗತೈತಿ, ಮಳಿ ತಡೀತೈತಿ. ಕಿವಿಯುತ್‌ನಿಂದ ಟೊಪಗಿ, ಮಫ್ಲರ್ ಹೆಣೀತಾರ. ಹೆಗಲಿಗೆ ಹಾಕ್ಕೊಂಡು ಜಾಲಿಮುಳ್ಳಾಗ ಕುರಿ ಹಿಂದ ಹೋಗೂ ಮಾಲು ಅಲ್ಲ ಅದು.

ಹಾವೇರಿ_ಹಟ್ಟಿ:
ಅಷ್ಟು ದೊಡ್ಡ ಪ್ರಾಣಿ, ಬರ್ಫ ಒಡ್ಯಾಕ ಆಗಂಗಿಲ್ಲೇನು?

ಗದಗ_ಗಾಳಿ:
ತೆಳುವಿದ್ರ ಗೊರಸಿಗೆ ಒಡೀತೈತಿ, ಚೂರನ್ನ ಮೂತಿಲೆ ದೂಡ್ತಾವು. ಹಿಮ ದಪ್ಪಾದ್ರ ಗಾಳಿಗೆ ಹಿಮ ಹಾರಿಹೋದ ದಿನ್ನಿ ಹತ್ತತಾವು. ಆದ್ರ ಮಳಿ ದಿನ್ನಿ ಮ್ಯಾಲೂ ಬೀಳ್ತೈತಲ್ರೀ.