ಪ್ರಾಸ್ಪೆಕ್ಟ್‌ಗೆ ‘ಸಾಧ್ಯ’ ಅನ್ನಬಹುದೇ?

ಗೆಳೆಯರೇ,

ಕೆನಡಾದ ಯುಕಾನ್‌ನಲ್ಲಿ ಕೀನೋ ಹಿಲ್ ಅಂತ ಒಂದು ಬೆಟ್ಟವಿದೆ. ಬೆಳ್ಳಿ, ಸೀಸ, ಸತು ಮೂರೂ ಒಟ್ಟಿಗೆ ಸಿಗುವ ಜಾಗ. ಅದರ ಕತೆಯನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಲೋಹಗಳಿಗೆ ನಮ್ಮಲ್ಲಿ ಹೆಸರಿದೆ, ಸರಿ. ಕಾಡುತ್ತಿರುವುದು ‘ಪ್ರಾಸ್ಪೆಕ್ಟ್’ ಎಂಬ ಪದ.

ಪ್ರಾಸ್ಪೆಕ್ಟ್ ಅಂದರೆ ಗಣಿಯಲ್ಲ. ಅದಿರಿನ ಗುರುತು ಸಿಕ್ಕಿದೆ, ನಾಲ್ಕು ಕಡೆ ಅಗೆದೂ ನೋಡಿದ್ದಾರೆ, ಆದರೆ ತೆಗೆದರೆ ಗಿಟ್ಟುತ್ತದೋ ಇಲ್ಲವೋ ಗೊತ್ತಿಲ್ಲ. ಅಂಥ ಜಾಗ ಅದು. ‘ನಿರೀಕ್ಷೆ’ ಎಂದು ಅನುವಾದಿಸಿದರೆ ‘ಬೆಟ್ಟದ ಬಲಕ್ಕೆ ಒಂದು ಸಣ್ಣ ನಿರೀಕ್ಷೆಯಿದೆ’ ಅಂತಾಗುತ್ತದೆ. ಓದಿದವರು ನಗುತ್ತಾರೆ ಅಷ್ಟೇ. ಪತ್ರಿಕೆಗಳ ‘ನಿಕ್ಷೇಪ’ ಜಾಸ್ತಿಯಾಯಿತು. ನಿಕ್ಷೇಪ ಅಂದ ಕೂಡಲೇ ಮಾಲು ಇದ್ದೇ ಇದೆ ಅನ್ನುವ ಭರವಸೆ ಬಂದುಬಿಡುತ್ತದೆ.

ಕೀನೋ ಕತೆಯಲ್ಲಿ ಈ ವ್ಯತ್ಯಾಸವೇ ಮುಖ್ಯ. ಆ ಸೀಮೆಗೆ ಜನ ಮೊದಲು ಹೋದದ್ದು ಹಳ್ಳಗಳಲ್ಲಿ ಚಿನ್ನ ಜಾಲಿಸಲು. ಬೆಳ್ಳಿ ಬೆರೆತ ಸೀಸದ ಅದಿರು, ಅಂದರೆ ಗೆಲೀನಾ, 1906ರ ಹೊತ್ತಿಗೇ ಗೊತ್ತಿತ್ತು. ಆದರೆ ಅಲ್ಲಿ ಸಿಲ್ವರ್ ಕಿಂಗ್ ಗಣಿಯ ಕೆಲಸ ಶುರುವಾದದ್ದು 1913ರಲ್ಲಿ. ನಡುವಿನ ವರ್ಷಗಳಲ್ಲಿ ಅದನ್ನು ಏನೆಂದು ಕರೆಯೋಣ? 1919ರಲ್ಲಿ ಲೂಯಿ ಬೂವೆಟ್ ಎಂಬಾತ ಕೀನೋ ಬೆಟ್ಟದ ಮೇಲೆ ಗೆಲೀನಾ ಕಂಡು ಜಾಗ ಹಿಡಿದ ಮೇಲೆ ಜನ ನುಗ್ಗಿದರು. 1989ರಲ್ಲಿ ಗಣಿ ನಿಲ್ಲುವಷ್ಟರಲ್ಲಿ ಆ ಸೀಮೆಯಿಂದ 20 ಕೋಟಿ ಔನ್ಸ್‌ಗೂ ಮಿಕ್ಕಿ ಬೆಳ್ಳಿ ಹೊರಬಂದಿತ್ತು. ಅದರ ಪಕ್ಕದಲ್ಲೇ ಎಷ್ಟೋ ಸಣ್ಣ ಜಾಗಗಳು ಒಂದೆರಡು ಗುಂಡಿ, ಒಂದು ಕುರುಡು ಸುರಂಗದ ಮಟ್ಟದಲ್ಲೇ ನಿಂತುಹೋದವು.

ಸುರಂಗ ಅಂದೆ. ಬೆಟ್ಟದ ಮಗ್ಗುಲಿನಿಂದ ಒಳಕ್ಕೆ ಕೊರೆದ, ಒಂದೇ ಬಾಯಿಯ ಗಣಿದಾರಿಗೆ ಅವರು ‘ಆಡಿಟ್’ ಅನ್ನುತ್ತಾರೆ. ಒಳಗಿನ ನೀರು ತಾನಾಗಿ ಹರಿದು ಬರಲೆಂದು ಅದನ್ನು ಚೂರು ಏರಿಸಿಯೇ ಕೊರೆಯುತ್ತಾರೆ. ಕಾಸರಗೋಡು, ವಿಟ್ಲದ ಕಡೆ ನೀರಿಗಾಗಿ ಮುರಕಲ್ಲು ಗುಡ್ಡಕ್ಕೆ ಕೊರೆಯುವ ಸುರಂಗವೂ ಹೀಗೇ ಅಲ್ವಾ? ಈ ಪದಕ್ಕೆ ಹೊಸದೇನೂ ಹುಡುಕಬೇಕಿಲ್ಲ.

ಬಂಡೆಯ ಬಿರುಕಿನಲ್ಲಿ ಅದಿರು ತುಂಬಿಕೊಂಡ ಪಟ್ಟಿಗೆ ಇಂಗ್ಲಿಷಿನಲ್ಲಿ ‘ವೇನ್’ ಅನ್ನುತ್ತಾರೆ. ಅದಕ್ಕೆ ‘ಸಿರೆ’ ಅಂದರೆ ಆಸ್ಪತ್ರೆ ನೆನಪಾಗುತ್ತದೆ. ‘ಸೆಲೆ’ ಚೆನ್ನಾಗಿದೆ, ಆದರೆ ಅದು ಉಕ್ಕುವ ನೀರಿಗೇ ಒಪ್ಪುವ ಮಾತು. ನನಗೆ ‘ಎಳೆ’ ಹಿಡಿಸಿದೆ. ಕೀನೋದಲ್ಲಿ ಕ್ವಾರ್ಟ್ಜೈಟ್ ಎಂಬ ಗಡಸು ಬಂಡೆ ಒಡೆದರೆ ಬಿರುಕು ಬಾಯಿಬಿಟ್ಟುಕೊಂಡೇ ಇರುತ್ತದೆ. ಆ ಬಿರುಕಿನಲ್ಲಿ ಬಿಸಿನೀರು ಓಡಾಡಿ ಗೆಲೀನಾ, ಸತುವಿನ ಅದಿರು, ಕಬ್ಬಿಣ ಬೆರೆತ ಸಿಡರೈಟ್ ಎಲ್ಲ ಕೂತಿವೆ. ಅದೇ ಬಿರುಕು ಮೆತ್ತನೆಯ ಪದರುಗಲ್ಲಿಗೆ ಹೊಕ್ಕರೆ ಹಿಸುಕಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಎಳೆ ಒಂದು ಕಡೆ ಮಾರುದ್ದ ಅಗಲ, ಹತ್ತು ಹೆಜ್ಜೆ ಹೋದರೆ ಬೆರಳಗಲ, ಆಮೇಲೆ ಮಾಯ. ಅದಿರು ಒತ್ತಾಗಿ ಸೇರಿದ ತಾಣಕ್ಕೆ ‘ಗಂಟು’ ಅನ್ನೋಣವೇ? ಎಳೆಗೂ ಹೊಂದುತ್ತದೆ, ದುಡ್ಡಿನ ಗಂಟಿಗೂ ಹೊಂದುತ್ತದೆ! ಇಂಥ ಗಂಟು ಸಿಗುವ ತನಕ ಪ್ರಾಸ್ಪೆಕ್ಟ್ ಪ್ರಾಸ್ಪೆಕ್ಟೇ. ಅಲ್ಲಿಯ ಮಣ್ಣು ಎಷ್ಟೋ ಕಡೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಮೇಲೆ ಪಾಚಿ ಬೇರೆ. ಎಳೆ ಕಾಲಡಿಯಲ್ಲೇ ಇದ್ದರೂ ಕಾಣುವುದಿಲ್ಲ.

ಈಗ ನನ್ನ ಸಲಹೆ. ನಮ್ಮ ದಾನಶಾಸನಗಳಲ್ಲಿ ಅಷ್ಟಭೋಗದ ಪಟ್ಟಿ ಬರುತ್ತದೆ, ಅಂದರೆ ದಾನ ಕೊಟ್ಟ ನೆಲದ ಜೊತೆ ಸಿಗುವ ಎಂಟು ಬಗೆಯ ಹಕ್ಕು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಸಿದ್ಧ ಅಂದರೆ ಈಗಾಗಲೇ ಫಲ ಕೊಡುತ್ತಿರುವುದು, ಸಾಧ್ಯ ಅಂದರೆ ಮುಂದೆ ದುಡಿದರೆ ಕೊಡಬಹುದಾದದ್ದು ಎಂದು ಅರ್ಥ ಹೇಳುತ್ತಾರೆ. ಹಾಗಾದರೆ ಗಣಿ ಸಿದ್ಧ, ಪ್ರಾಸ್ಪೆಕ್ಟ್ ಸಾಧ್ಯ! (ನಿಕ್ಷೇಪವೂ ಆ ಪಟ್ಟಿಯಲ್ಲೇ ಇದೆ ನೋಡಿ. ಆದರೆ ಅದರ ಮೂಲ ಅರ್ಥ ಯಾರೋ ಹೂತಿಟ್ಟದ್ದು. ಕೀನೋದಲ್ಲಿ ಯಾರೂ ಹೂತಿಡಲಿಲ್ಲ.)

ಒಂದು ಅಡ್ಡಿ ಇದೆ. ಇವತ್ತಿನ ಕನ್ನಡದಲ್ಲಿ ‘ಸಾಧ್ಯ’ ಒಂಟಿಯಾಗಿ ಹೆಸರುಪದವಾಗಿ ನಿಲ್ಲುವುದಿಲ್ಲ. ‘ಅಲ್ಲೊಂದು ಸಾಧ್ಯವಿದೆ’ ಅಂದರೆ ವಾಕ್ಯ ಅರ್ಧಕ್ಕೇ ನಿಂತಂತೆ. ‘ಸಾಧ್ಯಗಣಿ’ ಅಂದರೆ ನಡೆದೀತೇ? ಕಿವಿಗೆ ಸ್ವಲ್ಪ ಬಿಗಿ ಅನಿಸುತ್ತದೆ, ಒಪ್ಪುತ್ತೇನೆ. ‘ಗುರುತಿನ ಜಾಗ’ ಸಲೀಸು, ಆದರೆ ಅಗೆದು ನೋಡಿದ ಕೆಲಸ ಅದರಲ್ಲಿ ಬರುವುದಿಲ್ಲ.

ಕೋಲಾರದಲ್ಲಿ ಚಾಂಪಿಯನ್ ರೀಫ್ ಅಂತ ಊರಿನ ಹೆಸರಿಗೇ ಇಂಗ್ಲಿಷ್ ಹತ್ತಿದೆ. ಹಟ್ಟಿಯ ಚಿನ್ನದ ಗಣಿ, ಚಿತ್ರದುರ್ಗದ ಇಂಗಳದಾಳಿನ ತಾಮ್ರದ ಗಣಿಯಲ್ಲಿ ದುಡಿದವರ ಮನೆಯವರು ಇಲ್ಲಿ ಯಾರಾದರೂ ಇದ್ದೀರಾ? ತೋಡಿ ನೋಡಿ ಬಿಟ್ಟ ಗುಂಡಿಗೆ ನಿಮ್ಮ ಅಪ್ಪ, ಅಜ್ಜ ಏನನ್ನುತ್ತಿದ್ದರು? ಆ ಒಂದು ಮಾತು ಸಿಕ್ಕರೆ ನನ್ನ ಸಾಧ್ಯಗಣಿಯನ್ನು ಇವತ್ತೇ ಮುಚ್ಚಿಬಿಡುತ್ತೇನೆ.